ಬಿಸಿಲಿಗೆ ಕೋಳ

"ನಮಗಿಂತ ಮುಂದೆ ಯಾರೂ ಹೋಗಕೂಡದು!" ಎಂದು ಕಲ್ಲೂರುದುರ್ಗದ ದೊರೆ ವೀರರಂಗ ನಾಯಕರು ಊರಲ್ಲೆಲ್ಲ ಡಂಗುರ ಹೊಡೆಸಿದರು. "ಮನುಷ್ಯನಾಗಲಿ, ಮೃಗವಾಗಲಿ, ಮತ್ತೊಂದಾಗಲಿ, ನಮ್ಮ ಪಲ್ಲಕ್ಕಿಯನ್ನು ಹಿಂದಿಕ್ಕಿದರೆ ಕಾಲಿಗೆ ಕೋಳ!"

ಅಂದಿನಿಂದ ಪಲ್ಲಕ್ಕಿ ಆಮೆಯಂತೆ ತೆವಳುವುದು, ಅದರ ಹಿಂದೆ ಎತ್ತಿನ ಗಾಡಿ, ಮದುವೆಯ ದಿಬ್ಬಣ, ಬೀದಿನಾಯಿ ಎಲ್ಲವೂ ಸಾಲಾಗಿ ತೆವಳುವುದು.

ಮೊದಲು ಸಿಕ್ಕಿಬಿದ್ದವನು ಅಂಚೆಯ ಓಟಗಾರ ಕೆಂಚ. ಓಟವೇ ಅವನ ಅನ್ನ. "ದೊರೆಗಳ ಸ್ನಾನಕ್ಕೆ ನೀರು ಕಾಯಿಸಲು ಹೇಳು, ಓಡು" ಎಂದು ಅವನನ್ನು ಕಳಿಸಿದವರು ಅರಮನೆಯ ರೀತಿರಿವಾಜು ನೋಡಿಕೊಳ್ಳುವ ಪುಟ್ಟಾಜಮ್ಮಣ್ಣಿಯವರು. ಅವನು ಓಡಿದ, ಪಲ್ಲಕ್ಕಿಯನ್ನು ದಾಟಿದ, ಪಡುವಣ ಬಾಗಿಲಿನ ಸೆರೆಮನೆ ಸೇರಿದ. ಮರುದಿನ ಬೆಳಗ್ಗೆ ಕಮ್ಮಾರ ಬಂದು ಕೋಳ ಬಡಿಯುವುದೆಂದು ತೀರ್ಮಾನವಾಯಿತು.

ಓಡೆಂದು ಕಳಿಸಿದ್ದು ತಾವೇ ಎಂಬುದು ಅಮ್ಮಣ್ಣಿಯವರನ್ನು ಚುಚ್ಚಿತು. ಆದರೆ ಕೂತು ಕಣ್ಣೀರು ಸುರಿಸುವವರ ಪೈಕಿಯಲ್ಲ ಅವರು. ಬೆಳಗಾದೊಡನೆ ಸೀರೆಯ ನೆರಿಗೆ ನೆಟ್ಟಗೆ ಮಾಡಿಕೊಂಡು ದೊರೆಯ ಮೆರವಣಿಗೆಯ ಜೊತೆ ಹೊರಟರು.

ಪಲ್ಲಕ್ಕಿ ಪಡುವಣಕ್ಕೆ ಮುಖ ಮಾಡಿದ್ದೇ ತಡ, "ನಿಲ್ಲಿಸಿ! ಆಜ್ಞೆ ಮುರಿದಿದೆ!" ಎಂದರು.

"ಯಾರಮ್ಮಣ್ಣಿ ಅವನು?" ದೊರೆ ಗುಡುಗಿದರು.

"ಕಹಳೆಯ ಸದ್ದು, ಮಹಾಸ್ವಾಮಿ. ಊದುವವನು ನಿಮ್ಮ ಹಿಂದೆ ಇದ್ದಾನೆ. ಸದ್ದು ಮಾತ್ರ ಆಗಲೇ ಮುಂದಿನ ಬೀದಿಗೆ ಹೋಗಿ ಮಲಗಿದ್ದವರನ್ನೆಲ್ಲ ಎಬ್ಬಿಸಿಬಿಟ್ಟಿದೆ."

"ಕಹಳೆ ಕಸಿದುಕೊಳ್ಳಿ!"

ಮತ್ತೆ ನಾಲ್ಕು ಹೆಜ್ಜೆ. "ನಿಲ್ಲಿಸಿ! ಇದು ಇನ್ನೂ ದೊಡ್ಡ ಕಳ್ಳ. ಬಿಸಿಲು! ನಿಮ್ಮ ಬೆನ್ನ ಹಿಂದಿನಿಂದ ಬಂದು, ಕಿವಿಯ ಪಕ್ಕದಲ್ಲೇ ನುಸುಳಿ, ತಲೆಬಾಗಿ ಒಂದು ಮುಜರೆಯನ್ನೂ ಮಾಡದೆ ಎದುರು ಗುಡ್ಡದ ಮೇಲೆ ಹೋಗಿ ಕೂತಿದೆ."

"ಸದ್ದಿಗಿಂತಲೂ ಜೋರಾಗಿ ಓಡುತ್ತದೆಯೋ?"

"ಕೆರೆಯಾಚೆ ಅಗಸನನ್ನು ನೋಡಿ. ಬಟ್ಟೆ ಕಲ್ಲಿಗೆ ಬಿದ್ದದ್ದು ಆಗಲೇ ಕಂಡಿತು. 'ಧಪ್' ಎನ್ನುವುದು ಈಗ ಬಂತು. ಬೆಳಕಿನ ಮುಂದೆ ಸದ್ದೂ ಒಂದು ಎತ್ತಿನ ಗಾಡಿ."

ದೊರೆ ಮೀಸೆ ತಿರುವಿದರು. "ಕುದುರೆ ತನ್ನಿ! ನಾವೇ ಅದನ್ನು ಹಿಂದಿಕ್ಕುತ್ತೇವೆ!"

"ಅಗತ್ಯವಾಗಿ ಹಿಂದಿಕ್ಕಿ. ಆದರೆ ಬೆಳಕಿಗಿಂತ ಮೊದಲೇ ಪಡುವಣ ಬಾಗಿಲು ಮುಟ್ಟಿದರೆ ಅಲ್ಲಿ ಗವ್ವೆನ್ನುವ ಕತ್ತಲು. ನೀವು ಯಾರಿಗೂ ಕಾಣುವುದಿಲ್ಲ. ಕಾವಲಿನವರು ಮುಜರೆ ಮಾಡುವ ಬದಲು, ಯಾವನೋ ಕಳ್ಳನೆಂದು ನಾಲ್ಕು ಬಿಗಿದರೆ?"

ದೊರೆ ತಮ್ಮ ಬೆನ್ನನ್ನೊಮ್ಮೆ ಮುಟ್ಟಿ ನೋಡಿಕೊಂಡರು. "ಬೇಡ, ಬೇಡ. ಬಿಸಿಲಿಗೆ ಕ್ಷಮೆ!"

"ದೊಡ್ಡ ಕಳ್ಳನಿಗೆ ಕ್ಷಮೆ. ಅದರ ಮುಂದೆ ಕುಂಟನಂತೆ ಕಾಣುವ ಕೆಂಚನಿಗೆ ಕೋಳ. ನ್ಯಾಯ ಬಹಳ ಚೆನ್ನಾಗಿದೆ, ಮಹಾಸ್ವಾಮಿ."

ದೊರೆ ಪೇಟದೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡರು. "ಹಾಳಾಗಲಿ, ಅವನಿಗೂ ಕ್ಷಮೆ... ಅಯ್ಯೋ! ಕಮ್ಮಾರ ಸುತ್ತಿಗೆ ಎತ್ತುವ ಹೊತ್ತಾಯಿತಲ್ಲ! ಬೇಗ ಯಾರನ್ನಾದರೂ ಓಡಿಸಿ!"

ಯಾರೂ ಅಲುಗಲಿಲ್ಲ.

ಅಮ್ಮಣ್ಣಿಯವರು ತಲೆಬಾಗಿ, "ನಿಮಗಿಂತ ಮುಂದೆ ಓಡಿದವನಿಗೆ ಕೋಳ, ಮಹಾಸ್ವಾಮಿ. ಹಾಗಾಗಿ ಓಡಬಲ್ಲವರು ಈ ಊರಿನಲ್ಲಿ ಒಬ್ಬರೇ. ದಯಮಾಡಿ ಪಾದುಕೆ ಕಳಚಿಡಿ" ಎಂದರು.

ದೊರೆ ಪಲ್ಲಕ್ಕಿಯಿಂದ ಧುಮುಕಿ, ಕಚ್ಚೆ ಬಿಗಿದು, ಹೊಟ್ಟೆ ಕುಣಿಸುತ್ತ ಓಡಿದರು. ಹಿಂದೆ ಇಡೀ ಊರು, ಮದುವೆಯ ದಿಬ್ಬಣ, ನಾಯಿಗಳು. ಕಮ್ಮಾರ ಎತ್ತಿದ ಸುತ್ತಿಗೆ ಇಳಿಸುವಷ್ಟರಲ್ಲಿ "ನಿಲ್ಲಿಸೋ!" ಎಂಬ ಕೂಗು ಕೇಳಿತು.

ದೊರೆ ಕೆಂಚನ ಪಕ್ಕದಲ್ಲೇ ನೆಲಕ್ಕೆ ಕುಸಿದು, ಏದುಸಿರು ಬಿಡುತ್ತ, ಬಿದ್ದು ಬಿದ್ದು ನಕ್ಕರು.

"ನಾಳೆಯಿಂದ ನೀನೇ ಮುಂದೆ ಓಡಪ್ಪ, ಕೆಂಚ. ಎಲ್ಲರಿಗಿಂತ ಮುಂದೆ ಹೋಗಬೇಕಾದರೆ ಇಷ್ಟೊಂದು ಓಡಬೇಕಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ!"