ತವರಿಗೆ ಬಂದ ರಾಣಿ

ಬೆಟ್ಟದ ತಪ್ಪಲಿನ ಹೊಂಗೆಪುರದಲ್ಲಿ ಜೇನು ಸಾಕುವವರು ರಾಣಿಹುಳುವನ್ನು ಮಾರುತ್ತಿರಲಿಲ್ಲ. ಹೆಣ್ಣು ಕೊಟ್ಟ ಹಾಗೆ ಕೊಡುತ್ತಿದ್ದರು.

ಯುಗಾದಿ ಕಳೆದು ಹೊಂಗೆ ಹೂ ಬಿಟ್ಟಾಗ ಪೆಟ್ಟಿಗೆಗಳಲ್ಲಿ ಹೊಸ ರಾಣಿಯರು ಬೆಳೆಯುತ್ತಾರೆ. ಹುಳುಗಳು ಮೇಣದಲ್ಲಿ ಕಟ್ಟಿದ ಎರಿಯ ಅಂಚಿನಲ್ಲಿ ಕಡಲೆಕಾಯಿಯಂತೆ ಜೋತುಬಿದ್ದ ಮೇಣದ ಗೂಡೇ ಆ ರಾಣಿಯ ತೊಟ್ಟಿಲು. ಹಿಂದಿನ ಆಷಾಢವನ್ನು ಚೆನ್ನಾಗಿ ದಾಟಿದ ಪೆಟ್ಟಿಗೆ ಯಾವುದೋ, ಅದರ ತೊಟ್ಟಿಲನ್ನೇ ಎರಿಯ ಚೂರಿನ ಸಮೇತ ಕೊಯ್ದು, ಮೊರದಲ್ಲಿಟ್ಟು, ಅರಿಸಿನ ಕುಂಕುಮದ ಜೊತೆ ಕೇಳಿ ಬಂದವರಿಗೆ ಕೊಡುವುದು ಪದ್ಧತಿ. ಕೊಟ್ಟವರೂ ಕೊಂಡುಹೋದವರೂ ಅಂದಿನಿಂದ ಬೀಗರು. ಕುಲ ಬೇರೆಯಾದರೂ ಬೀಗರೇ.

ಇದರಲ್ಲಿ ದೊಡ್ಡ ಹೆಸರು ದೇವೀರಮ್ಮನದು. ಸುತ್ತಲ ಊರುಗಳಲ್ಲೆಲ್ಲ ಅವಳಿಗೆ ಜೇನಿನ ಬೀಗರಿದ್ದರು. ಸೊಸೆ ಕೆಂಪಾಜಮ್ಮ ಅವಳ ಕೈಕೆಳಗೇ ಕೆಲಸ ಕಲಿತವಳು. ಮೈಗಳ್ಳಿಯಲ್ಲ, ಕೆಟ್ಟವಳೂ ಅಲ್ಲ. ಇದ್ದದ್ದು ಅವಸರವೊಂದೇ.

ಒಂದು ಆಷಾಢದಲ್ಲಿ ಅತ್ತೆ ಸೊಸೆ ಪೆಟ್ಟಿಗೆ ತೆರೆದು ನೋಡಿದರು. ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದಳು. ಎರಿ ಬರಿದಾಗಿತ್ತು. ಕೆಂಪಾಜಮ್ಮ ಮುಚ್ಚಳವನ್ನು ಧಡ್ಡನೆ ಮುಚ್ಚಿದಳು.

"ಎಂಥ ಸೋಮಾರಿ ರಾಣಿ ಅತ್ತೆ ಇದು! ತಿಂದ್ಕಂಡು ಸುಮ್ನೆ ಕೂತದೆ."

"ನಮ್ಮ ರಾಣಿ ಗಾಳಿ ನೋಡ್ಕಂಡು ಮೊಟ್ಟೆ ಇಕ್ತಾಳೆ ಕಣವ್ವಾ," ಅಂದಳು ದೇವೀರಮ್ಮ. "ಅವಳ್ನ ಅವಸರ ಮಾಡ್ಬ್ಯಾಡ."

ಆ ಕಾರ್ತಿಕದಲ್ಲಿ ದೇವೀರಮ್ಮ ತೀರಿಕೊಂಡಳು. ಅವಳ ಮಾತು ಸೊಸೆಯ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು.

ವರ್ಷವಿಡೀ ಹೂ ಬಿಡುವ ದೂರದ ಸೀಮೆಯೊಂದರಿಂದ ರಾಣಿಹುಳುಗಳು ಬರುತ್ತವೆ, ಅವು ಒಂದು ದಿನವೂ ಮೊಟ್ಟೆ ನಿಲ್ಲಿಸುವುದಿಲ್ಲ ಎಂದು ಯಾರೋ ಹೇಳಿದರು. ಕೆಂಪಾಜಮ್ಮ ತರಿಸಿಯೇಬಿಟ್ಟಳು. ಸಂಕ್ರಾಂತಿಯ ಹೊತ್ತಿಗೆ ಬೆಂಕಿಪೊಟ್ಟಣದಂಥ ಪುಟ್ಟ ಪಂಜರಗಳಲ್ಲಿ ರಾಣಿಯರು ಬಂದಿಳಿದರು. ಒಂದು ಗೂಡಿಗೆ ಒಬ್ಬಳೇ ರಾಣಿ. ಹೊಸಬಳು ಒಳಗೆ ಹೋಗಬೇಕಾದರೆ ಹಳಬಳು ಸಾಯಬೇಕು. ಕೆಂಪಾಜಮ್ಮ ಒಂದೊಂದೇ ಪೆಟ್ಟಿಗೆ ತೆರೆದು ಅತ್ತೆ ಸಾಕಿದ ರಾಣಿಯರನ್ನು ಬೆರಳಿನಲ್ಲಿ ಹೊಸಕಿದಳು. ಮೂಲೆಯ ಪೆಟ್ಟಿಗೆಯೊಂದು ಮಾತ್ರ ಉಳಿಯಿತು. ತರಿಸಿದ್ದರಲ್ಲಿ ಒಂದು ರಾಣಿ ಕಡಿಮೆ ಬಿದ್ದಿತ್ತು. ಅವಳು ಇನ್ನೊಂದಕ್ಕೆ ಹೇಳಿ ಕಳಿಸಿದಳು.

ಯುಗಾದಿಗೆ ಪೆಟ್ಟಿಗೆಗಳು ತುಂಬಿ ತುಳುಕಿದವು. ಅಂಥ ಜೇನು ಆ ಹಿತ್ತಲು ಕಂಡಿರಲಿಲ್ಲ. ಕೆಂಪಾಜಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಗಲೇ ಪಕ್ಕದೂರಿನ ಬೊಮ್ಮಕ್ಕ ಬಂದದ್ದು. ಅವಳು ದೇವೀರಮ್ಮನ ಹಳೆಯ ಬೀಗಿತ್ತಿ. ಕಂಕುಳಲ್ಲಿ ಮೊರ ಇತ್ತು.

"ಒಂದು ಹೆಣ್ಣು ಕೊಡವ್ವಾ. ನಿಮ್ಮತ್ತೆ ಕೊಟ್ಟ ಹೆಣ್ಣಿನ ಸಂತಾನ ನಮ್ಮಲ್ಲಿ ಒಂದೇ ಪೆಟ್ಟಿಗೇಲಿ ಉಳಿದದೆ. ಜೊತೆಗಿನ್ನೊಂದಿದ್ರೆ ಧೈರ್ಯ."

ಮೂಲೆಯ ಪೆಟ್ಟಿಗೆಯಲ್ಲಿ ಅತ್ತೆಯ ರಾಣಿ ಇನ್ನೂ ಇದ್ದಳು. ಎರಿಯಂಚಿನಲ್ಲಿ ತೊಟ್ಟಿಲುಗಳೂ ಜೋತಿದ್ದವು. ಆದರೆ ಹೊಸ ರಾಣಿಯ ಪಂಜರ ಆ ಬೆಳಿಗ್ಗೆಯೇ ಬಂದಿತ್ತು.

"ಮನೇಲಿ ಹೆಣ್ಣು ಬೆಳೆಸೋ ಕಾಲ ಹೋಯ್ತು ಅಕ್ಕ," ಅಂದಳು ಕೆಂಪಾಜಮ್ಮ. "ಬೇಕಂದ್ರೆ ನಿನಗೂ ಹೊರಗಿಂದ ತರಿಸಿಕೊಡ್ತೀನಿ."

ಹಾಗೆನ್ನುತ್ತ ಬೊಮ್ಮಕ್ಕನ ಕಣ್ಣೆದುರೇ ತೊಟ್ಟಿಲುಗಳನ್ನು ಚಿವುಟಿ ಎಸೆದಳು. ಆಮೇಲೆ ಹಳೆಯ ರಾಣಿಯನ್ನು ಹುಡುಕಿ ಹೊಸಕಿದಳು. ಬೊಮ್ಮಕ್ಕ ನೋಡಿದಳು. ಖಾಲಿ ಮೊರ ಹಿಡಿದು ಬಂದ ದಾರಿಯಲ್ಲೇ ಹೋದಳು.

ಆಷಾಢ ಬಂತು. ಆ ಸೀಮೆಯ ಆಷಾಢದ ಗಾಳಿ ಸಾಮಾನ್ಯದ್ದಲ್ಲ. ಹೂವನ್ನು ಗಿಡದಲ್ಲಿ ನಿಲ್ಲಗೊಡುವುದಿಲ್ಲ, ಹುಳುವನ್ನು ಹಾರಗೊಡುವುದಿಲ್ಲ. ದೇವೀರಮ್ಮನ ರಾಣಿಯರಿಗೆ ಆ ಗಾಳಿ ಗೊತ್ತಿತ್ತು. ತಿನ್ನುವ ಬಾಯಿ ಕಡಿಮೆಯಿರಲಿ ಎಂದೇ ಅವರು ಮೊಟ್ಟೆ ನಿಲ್ಲಿಸುತ್ತಿದ್ದರು. ಇದ್ದ ಜೇನು ಇದ್ದ ಹುಳುಗಳಿಗೆ ಸಾಲುತ್ತಿತ್ತು. ಹೊಸ ರಾಣಿಯರಿಗೆ ಆ ಗಾಳಿಯ ಪರಿಚಯವೇ ಇಲ್ಲ. ತಮ್ಮ ಸೀಮೆಯಲ್ಲಿ ಇಟ್ಟಂತೆ ಇಲ್ಲಿಯೂ ಮೊಟ್ಟೆ ಇಡುತ್ತಲೇ ಹೋದರು. ಗೂಡಿನ ತುಂಬ ಮರಿ, ಹೊರಗೆ ಒಂದು ಹೂವಿಲ್ಲ. ಕೂಡಿಟ್ಟ ಜೇನು ಕರಗಿತು. ಕೆಂಪಾಜಮ್ಮ ಸಕ್ಕರೆ ನೀರಿಟ್ಟಳು. ಆದರೆ ಮರಿಗೆ ಹೂವಿನ ಪರಾಗ ಬೇಕು, ಅದನ್ನು ಎಲ್ಲಿಂದ ತರುವುದು? ಮರಿಗಳು ಎರಿಯಲ್ಲೇ ಒಣಗಿದವು. ಕೆಲವು ಗೂಡಿನ ಹುಳುಗಳು ಪೆಟ್ಟಿಗೆ ಬಿಟ್ಟು ಹಾರಿಹೋದವು, ಉಳಿದವು ತಳದಲ್ಲಿ ಸತ್ತು ಬಿದ್ದವು. ಪಾಪ, ಆ ರಾಣಿಯರ ತಪ್ಪೇನೂ ಇರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಹಿತ್ತಲಲ್ಲಿ ಸದ್ದಿದ್ದದ್ದು ಮೂಲೆಯ ಪೆಟ್ಟಿಗೆಯೊಂದರಲ್ಲೇ. ಅದರ ರಾಣಿಯೂ ಸತ್ತಳು. ತಾಯಿಯಿಲ್ಲದ ಒಂದು ಹಿಡಿ ಹುಳು ಎರಿಯ ಮೇಲೆ ಗುಂಯ್ ಎಂದು ಅಲೆಯುತ್ತಿದ್ದವು. ಇವಿಷ್ಟೂ ಹೋದರೆ ಅತ್ತೆಯ ಹಿತ್ತಲು ಮೂಕವಾಗುತ್ತದೆ. ಕೆಂಪಾಜಮ್ಮ ಪೆಟ್ಟಿಗೆಯ ಮುಂದೆ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ಮೊರ ತೆಗೆದುಕೊಂಡು ಪಕ್ಕದೂರಿಗೆ ನಡೆದಳು.

ಬೊಮ್ಮಕ್ಕ ಜಗಲಿಯ ಮೇಲೆ ಗೌರಿ ಹಬ್ಬದ ಬಾಗಿನ ಜೋಡಿಸುತ್ತಿದ್ದಳು. ಕೆಂಪಾಜಮ್ಮ ಅಂಗಳದಲ್ಲೇ ನಿಂತಳು. ಖಾಲಿ ಮೊರವನ್ನು ಕಂಕುಳಿಗೆ ಒತ್ತಿಕೊಂಡಳು.

"ಹೋದ ಯುಗಾದೀಲಿ ನಾನೂ ಹಿಂಗೇ ನಿಂತಿದ್ದೆ," ಅಂದಳು ಬೊಮ್ಮಕ್ಕ.

"ತಪ್ಪಾಯ್ತು ಅಕ್ಕ. ಕೊಡು ಅಂತ ಕೇಳೋ ಮುಖ ನಂಗಿಲ್ಲ. ಆದ್ರೂ ಬಂದಿವ್ನಿ. ನಮ್ಮತ್ತೆ ಸಂತಾನ ನಮ್ಮ ಹಿತ್ತಲಲ್ಲಿ ಒಂದೂ ಇಲ್ಲ, ನಿನ್ನತ್ರ ಉಳಿದದೆ."

ಬೊಮ್ಮಕ್ಕ ಎದ್ದು ಹಿತ್ತಲಿಗೆ ಹೋದಳು. ಅವಳ ಒಂದೇ ಪೆಟ್ಟಿಗೆ ಆಷಾಢ ದಾಟಿತ್ತು. ಹುಚ್ಚೆಳ್ಳು ಹೂವಾಗುವ ಸುಳಿವು ಹಿಡಿದು ಹುಳುಗಳು ತೊಟ್ಟಿಲು ಕಟ್ಟಿದ್ದವು. ಬಲಿತ ತೊಟ್ಟಿಲೊಂದನ್ನು ಕೊಯ್ದು ತಂದು ಕೆಂಪಾಜಮ್ಮನ ಮೊರದಲ್ಲಿಟ್ಟು, ಮೇಲೆ ಅರಿಸಿನ ಕುಂಕುಮ ಇಟ್ಟಳು.

"ನಿಮ್ಮತ್ತೆ ಕೊಟ್ಟ ಹೆಣ್ಣಿನ ಮೊಮ್ಮಗಳು ಕಣವ್ವಾ. ಗೌರಿ ಹಬ್ಬಕ್ಕೆ ತವರಿಗೆ ಹೋಗಬ್ಯಾಡ್ವಾ? ಬಿಸಿಲು ತಾಗದಂಗೆ ಕರ್ಕಂಡೋಗು."

ಕೆಂಪಾಜಮ್ಮ ಸೆರಗು ಮುಚ್ಚಿ ಕರೆದುಕೊಂಡು ಬಂದು, ಮೂಲೆಯ ಪೆಟ್ಟಿಗೆಯ ಎರಿಗೆ ತೊಟ್ಟಿಲನ್ನು ಅಂಟಿಸಿದಳು.

ಹೊಸ ರಾಣಿ ಹೊರಬಂದಳು. ಹಿಡಿ ಹುಳು ಮತ್ತೆ ಗೂಡಾಯಿತು. ಮುಂದಿನ ಯುಗಾದಿಗೆ ಆ ಪೆಟ್ಟಿಗೆಯ ಮೊದಲ ತೊಟ್ಟಿಲು ಬೊಮ್ಮಕ್ಕನ ಮನೆಗೆ ಹೋಯಿತು. ಅದನ್ನು ಕೆಂಪಾಜಮ್ಮನೇ ಹೊತ್ತು ನಡೆದಳು.

ಮತ್ತೆ ಆಷಾಢ ಬಂತು, ಗಾಳಿ ಎದ್ದಿತು. ಕೆಂಪಾಜಮ್ಮ ಪೆಟ್ಟಿಗೆ ತೆರೆದು ನೋಡಿದಳು. ಎರಿ ಬರಿದಾಗಿತ್ತು. ರಾಣಿ ಮೊಟ್ಟೆ ನಿಲ್ಲಿಸಿ ಹುಳುಗಳ ನಡುವೆ ಸುಮ್ಮನೆ ಕೂತಿದ್ದಳು. ಹಿಂದೆ ಇದೇ ಬರಿದನ್ನು ಕಂಡು ಸೋಮಾರಿ ಎಂದು ಬೈದಿದ್ದಳು. ಈಗ ಮುಚ್ಚಳವನ್ನು ಮೆಲ್ಲನೆ ಮುಚ್ಚಿ, ಅತ್ತೆಗೆ ಕೈ ಮುಗಿದಂತೆ ಪೆಟ್ಟಿಗೆಗೆ ಕೈ ಮುಗಿದಳು.

ನೀತಿ: ನಮ್ಮ ನೆಲದ ಕಷ್ಟವನ್ನು ದಾಟಿ ಬಂದ ತಳಿಗೆ ಆ ಕಷ್ಟದ ಅರಿವಿರುತ್ತದೆ. ಹೊರಗಿನದರ ಸಮೃದ್ಧಿಗೆ ಮರುಳಾಗಿ ಅದನ್ನು ನಮ್ಮ ಕೈಯಾರೆ ಅಳಿಸಬಾರದು. ಮನೆಯಲ್ಲೇ ಬೆಳೆಸಬೇಕು, ನಾಲ್ಕು ಮನೆಗೆ ಹಂಚಬೇಕು. ನಾವು ಕಳೆದುಕೊಂಡ ದಿನ, ಹಂಚಿದ್ದು ಮಾತ್ರ ನಮಗೆ ಉಳಿದಿರುತ್ತದೆ.