ಇಂದೋ ಗದ್ದೆಗೆ ಆ ಹೆಸರು ಬಂದದ್ದು

ಸುಲಾವೆಸಿ ದ್ವೀಪದ ನಡುವಣ ಬೆಟ್ಟಗಳಲ್ಲಿ ಸಾಲುರಾನೆ ಎಂಬ ಊರಿದೆ. ಲಾರಿ ಬರುವ ರಸ್ತೆ ಮುಗಿದ ಮೇಲೂ ಅರ್ಧ ದಿನ ಏರು ಹತ್ತಬೇಕು. ಅಲ್ಲಿಯ ಮನೆಗಳ ಮಾಡು ಎರಡು ತುದಿಯಲ್ಲೂ ದೋಣಿಯ ಹಾಗೆ ಮೇಲೆದ್ದಿರುತ್ತದೆ. ಪ್ರತಿ ಮನೆಯ ಎದುರಿಗೂ ಕಂಬಗಳ ಮೇಲೆ ನಿಂತ ಒಂದು ಭತ್ತದ ಕಣಜ. ಆ ಕಣಜದ ಕೆಳಗಿನ ಹಲಗೆಯ ಜಗಲಿಯೇ ಊರಿನ ಚಾವಡಿ. ಮಾತುಕತೆ, ನ್ಯಾಯ, ಹೆಣ್ಣು ಕೇಳುವುದು, ಗಂಡು ನೋಡುವುದು ಎಲ್ಲವೂ ಅಲ್ಲೇ. ಊರಿನಿಂದ ಮೇಲಕ್ಕೆ ಗುಡ್ಡದುದ್ದಕ್ಕೂ ಮೆಟ್ಟಿಲು ಗದ್ದೆಗಳು. ಎಲ್ಲಕ್ಕಿಂತ ಮೇಲೆ, ಕರಿಬಂಡೆಯ ಬುಡದಲ್ಲಿ, ಒರತೆಯ ನೀರು ಬೇಸಿಗೆಯಲ್ಲೂ ಬತ್ತದ ಒಂದು ಗದ್ದೆಯಿದೆ. ಅದನ್ನು 'ಇಂದೋ' ಎನ್ನುತ್ತಾರೆ. ನಮ್ಮ ಕಿವಿಗೆ ಅದು 'ಇಂದೋ ನಾಳೆಯೋ' ಎಂದು ಕೇಳಿದಂತಿರುತ್ತದೆ. ಅವರ ಮಾತಿನಲ್ಲಿ ಇಂದೋ ಎಂದರೆ ತಾಯಿ. ಆದರೆ ಅವರ ಕಿವಿಗೂ ಆ ಹೆಸರು ಸರಿಯಾಗಿ ಕೂರುವುದಿಲ್ಲ. ಏಕೆಂದರೆ ಮಗು ಹುಟ್ಟಿದ ದಿನದಿಂದ ಅಲ್ಲಿ ಹೆಂಗಸಿಗೆ ಸ್ವಂತ ಹೆಸರಿಲ್ಲ. ನಾವು 'ಇಂಥವರ ತಾಯಿ' ಎನ್ನುವಲ್ಲಿ ಅವರು ತಾಯಿಯನ್ನು ಮೊದಲಿಟ್ಟು ಮಗುವಿನ ಹೆಸರನ್ನು ಆಮೇಲೆ ಹೇಳುತ್ತಾರೆ: ಇಂದೋ ಬುವಾ, ಇಂದೋ ಸಾಂಪೆ. ಬರಿಯ 'ಇಂದೋ' ಎಂದು ನಿಲ್ಲಿಸಿದರೆ ಕೇಳುವವರು ಮುಂದಿನ ಮಾತಿಗಾಗಿ ಬಾಯಿ ನೋಡುತ್ತಾ ನಿಲ್ಲುತ್ತಾರೆ. ಯಾರ ತಾಯಿ?

ಹಿಂದೆ ಒಮ್ಮೆ, ಈ ಗದ್ದೆಗೆ ಒರತೆಗದ್ದೆ ಎಂಬುದಕ್ಕಿಂತ ಬೇರೆ ಹೆಸರಿಲ್ಲದಿದ್ದ ಕಾಲದಲ್ಲಿ, ಅದು ಅಂಬೆ ತಾಂಬಿ ಎಂಬ ಮುದುಕನದಾಗಿತ್ತಂತೆ. ಅಂಬೆ ಎಂದರೆ ನಮಗೆ ಅಮ್ಮನವರ ನೆನಪಾಗುತ್ತದೆ, ಅಲ್ಲಿ ಅದು ಅಪ್ಪ. ಮಗ ತಾಂಬಿ ಹಾಲುಹಲ್ಲು ಬೀಳುವ ಮೊದಲೇ ತೀರಿಕೊಂಡಿದ್ದ, ಹೆಂಡತಿಯೂ ಹೋಗಿದ್ದಳು. ಹೆಸರು ಮಾತ್ರ ಮುದುಕನನ್ನು ಬಿಡದೆ ಅಂಟಿಕೊಂಡಿತ್ತು. ಅವನ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದವಳು ಬೆಟ್ಟದ ಆಚೆಯ ಕಣಿವೆಯಿಂದ ಮದುವೆಯಾಗಿ ಬಂದ ಒಬ್ಬ ಹೆಂಗಸು. ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಅವಳಿಗೆ. ಅವಳ ಗಂಡ ಕಾಡಿಗೆ ಮರ ತರಲು ಹೋದವನು ಮರದಡಿಯಲ್ಲೇ ಸಿಕ್ಕಿ ಸತ್ತಿದ್ದ. ಅವಳ ತವರಿನಲ್ಲಿ ಹೆಂಗಸರು ಮುದುಕಿಯರಾಗುವವರೆಗೂ ತಮ್ಮ ತಮ್ಮ ಹೆಸರಿನಿಂದಲೇ ಕರೆಸಿಕೊಳ್ಳುತ್ತಿದ್ದರು. ಇಲ್ಲಿ ಹೆಣ್ಣುಮಗು ಹುಟ್ಟಿ, ಅದಕ್ಕೆ ರಾಂತೆ ಎಂದು ಹೆಸರಿಟ್ಟ ಮಾರನೆಯ ದಿನದಿಂದ ಎಲ್ಲರೂ 'ಇಂದೋ ರಾಂತೆ' ಎಂದು ಕೂಗತೊಡಗಿದಾಗ ಅವಳು ಬಹಳ ದಿನ ಹಿಂದೆ ತಿರುಗಿ ನೋಡುತ್ತಿದ್ದಳಂತೆ, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು. ಆ ಹೆಸರು ತನ್ನದು ಎಂದು ಮೈಗೆ ಹತ್ತುವಷ್ಟರಲ್ಲಿ ಅದು ಹೋಯಿತು.

ಹೋದದ್ದು ಹೀಗೆ. ರಾಂತೆ ಎಂದರೆ ಬಯಲು. ಅಂಗೈಯಗಲ ಸಮನೆಲ ಕಾಣದ ಬೆಟ್ಟದವರಿಗೆ ಬಯಲೆಂದರೆ ದೊಡ್ಡ ಐಶ್ವರ್ಯ. ಮಗುವಿಗೆ ನಡೆಯಲು ಬರುವ ಹೊತ್ತಿಗೆ ಜ್ವರ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಕೈಕಾಲು ಕಡ್ಡಿಯಾದಾಗ ಊರ ಪೂಜಾರಿ ಬಂದು ಅದರ ನೆತ್ತಿಯ ಮೇಲೆ ಕೈಯಿಟ್ಟು ನೋಡಿ, "ಹೆಸರು ಭಾರವಾಯಿತು ತಾಯೀ. ಇಷ್ಟು ಚಿಕ್ಕ ಮೈ ಅಷ್ಟು ದೊಡ್ಡ ಬಯಲನ್ನು ಹೊರುವುದಿಲ್ಲ" ಎಂದ. ನಮ್ಮಲ್ಲೂ ಕೂಸುಗಳು ನಿಲ್ಲದ ಮನೆಯಲ್ಲಿ ತಿಪ್ಪ, ಕಲ್ಲ ಎಂದು ಹೆಸರಿಟ್ಟು ಜವರಾಯನ ಕಣ್ಣು ತಪ್ಪಿಸುತ್ತಿದ್ದರಲ್ಲ, ಹಾಗೆಯೇ ಅವನು ಒಲೆಯ ಬೂದಿಯನ್ನು ಮಗುವಿನ ನಾಲಿಗೆಗೆ ತಾಗಿಸಿ 'ಆವು' ಎಂದು ಕರೆದ. ಆವು ಎಂದರೆ ಬೂದಿ. ಒಂದು ಕಟ್ಟನ್ನೂ ಹೇಳಿದ. ಬಿಟ್ಟ ಹೆಸರಿಗೆ ಮಗುವಾಗಲಿ ತಾಯಿಯಾಗಲಿ ಓಗೊಡಬಾರದು. ಯಾರೇ ಕೂಗಲಿ, ಕತ್ತು ತಿರುಗಿಸಿದರೂ ಸಾಕು, ರೋಗ ಬಂದ ದಾರಿ ಹಿಡಿದು ವಾಪಸು ಬರುತ್ತದೆ. ಮಗು ಚೇತರಿಸಿಕೊಂಡಿತು. ಅಂದಿನಿಂದ ಅವಳು ಇಂದೋ ಆವು ಆದಳು. ಅಂಬೆ ತಾಂಬಿಗೆ ಮಾತ್ರ ಹೊಸ ಹೆಸರು ಬಾಯಿಗೆ ಬರಲೊಲ್ಲದು. ಎರಡು ಮೂರು ಸಲ ಹಳೆಯದನ್ನೇ ಕೂಗಲು ಹೋಗಿ, ಅವಳು ಓಡಿ ಬಂದು "ಬೇಡ ಅಂಬೆ, ನಿಮ್ಮ ಕಾಲಿಗೆ ಬೀಳುತ್ತೇನೆ" ಎಂದ ಮೇಲೆ ಅವನು ಹೆಸರು ಹಿಡಿಯುವುದನ್ನೇ ಬಿಟ್ಟ. ಬೇಕಾದಾಗ ಕೆಮ್ಮುತ್ತಿದ್ದ. ಅವಳು ಬರುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ ಮುದುಕನ ಅಣ್ಣನ ಮಗಳು ಗಂಡುಮಗು ಹೆತ್ತಳು. ಬೇಡವಾಗಿ ಬಿದ್ದಿರುವ ಒಳ್ಳೆಯ ಹೆಸರು ಏಕೆ ಹಾಳಾಗಬೇಕು ಎಂದು ಆ ಮನೆಯವರು ಮಗುವಿಗೆ ರಾಂತೆ ಎಂದೇ ಹೆಸರಿಟ್ಟರು. ಅದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ ಎನ್ನುತ್ತಾರೆ. ಹೀಗೆ ಊರಿನಲ್ಲಿ ಮತ್ತೆ ಒಬ್ಬಳು ಇಂದೋ ರಾಂತೆ ಆದಳು.

ಆ ವರ್ಷವೇ ಅಂಬೆ ತಾಂಬಿ ಮಲಗಿದ. ಇನ್ನು ಏಳುವುದಿಲ್ಲವೆಂದು ತೋರಿದ ದಿನ, ಬೆಳಗಿನ ಬಿಸಿಲಿನಲ್ಲಿ, ತನ್ನನ್ನು ಕಣಜದ ಜಗಲಿಗೆ ಎತ್ತಿ ತರಲು ಹೇಳಿ, ಹಿರಿಯರ ಎದುರಿಗೆ, "ಒರತೆಗದ್ದೆ ಇಂದೋ ರಾಂತೆಗೆ" ಎಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನ್ನ ಬೇಯಿಸಿ ಹಾಕಿ, ಹೇಲು ಉಚ್ಚೆ ತೆಗೆದ, ಹಿಂದೆ ಆ ಹೆಸರಿದ್ದವಳು ಒಬ್ಬಳು, ಈಗ ಆ ಹೆಸರಿರುವ ಒಡಹುಟ್ಟಿದವನ ಮಗಳು ಇನ್ನೊಬ್ಬಳು. ಕೊನೆಗೆ ಊರ ಯಜಮಾನ ಬಗ್ಗಿ, "ಯಾವ ಇಂದೋ ರಾಂತೆಗೆ?" ಎಂದು ಕೇಳಿದ. ಮುದುಕನಿಗೆ ಸಿಟ್ಟು ಬಂತು. "ಊರಿನಲ್ಲಿ ಎಷ್ಟು ಮಂದಿ ಇದ್ದಾರಯ್ಯಾ ಇಂದೋ ರಾಂತೆ?" ಎಂದು ಗದರಿ ಆಚೆಗೆ ಮುಖ ತಿರುಗಿಸಿದ. ಆಮೇಲೆ ಅವನು ಮಾತಾಡಲಿಲ್ಲ. ಒಬ್ಬಳೇ ಇದ್ದದ್ದು ನಿಜ. ಆದರೆ ಅದು ಇಂದಿನ ಲೆಕ್ಕದಲ್ಲಿ ಒಬ್ಬಳೋ, ಅವನ ಮನಸ್ಸು ನಿಂತುಹೋಗಿದ್ದ ಹಿಂದಿನ ವರ್ಷದ ಲೆಕ್ಕದಲ್ಲಿ ಒಬ್ಬಳೋ, ಅದನ್ನು ಹೇಳುವವರು ಯಾರೂ ಉಳಿಯಲಿಲ್ಲ. ಇಂದೋ ಆವು ಕಣಜದ ಕಂಬದ ಪಕ್ಕದಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ನನ್ನನ್ನು ಹೇಳಿದನೇ? ನನ್ನ ಎದುರಿಗೆ ಆ ಹೆಸರು ಆಡುವುದಿಲ್ಲವೆಂದು ಕೆಮ್ಮಿ ಕೆಮ್ಮಿ ಕರೆದವನು ಈಗ ಮರೆತನೇ? ಅಥವಾ ಮರೆಯದೆಯೇ, ತಿಳಿದೇ, ತನ್ನ ರಕ್ತಕ್ಕೆ ಕೊಟ್ಟನೇ? ಎತ್ತ ಯೋಚಿಸಿದರೂ ತುದಿ ಸಿಗಲಿಲ್ಲ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ.

ಸಾಲುರಾನೆಯಲ್ಲಿ ಗದ್ದೆ ಯಾರದೆಂಬುದು ಕೂಗಿನಿಂದ ನಿಲ್ಲುತ್ತಿತ್ತು. ಪ್ರತಿ ವರ್ಷ ನಾಟಿಗೆ ಮೊದಲು ಪೂಜಾರಿ ಬದುವಿನ ಮೇಲೆ ನಿಂತು ಗದ್ದೆಯ ಒಡೆಯರನ್ನು ಹೆಸರು ಹಿಡಿದು ಕೂಗುತ್ತಿದ್ದ. ಒಡೆಯರು ಓಗೊಟ್ಟು, ಕೆಸರಿಗೆ ಇಳಿದು, ಒಂದು ಹೆಂಟೆ ಮಣ್ಣೆತ್ತಬೇಕು. ಮೂರು ಕೂಗಿಗೂ ಯಾರೂ ಇಳಿಯದಿದ್ದರೆ ಆ ಗದ್ದೆ ಯಜಮಾನನ ದೊಡ್ಡಮನೆಗೆ ಸೇರುತ್ತಿತ್ತು. ಮುದುಕನ ಸಾವಿನ ಕಾರ್ಯವೆಲ್ಲ ಮುಗಿದ ಮೇಲೆ ಒರತೆಗದ್ದೆಯ ಬದುವಿನ ಮೇಲೆ ಊರೆಲ್ಲ ಸೇರಿತು. "ಇಂದೋ ರಾಂತೇ" ಎಂದು ಪೂಜಾರಿ ಕೂಗಿದ. ಇಂದೋ ಆವುವಿನ ಸೊಂಟದ ಮೇಲೆ ಮಗು ಕೂತಿತ್ತು. ಅವಳು ಮಗುವಿನ ಕಿವಿಯನ್ನು ಅಂಗೈಯಿಂದ ಮುಚ್ಚಿ, ತನ್ನ ಕತ್ತನ್ನು ಕಲ್ಲು ಮಾಡಿಕೊಂಡು ಎದುರಿನ ಬಂಡೆಯನ್ನೇ ನೋಡುತ್ತಾ ನಿಂತಳು. ಅಣ್ಣನ ಮಗಳು ಓಗೊಟ್ಟು ಇಳಿದು ಹೆಂಟೆ ಎತ್ತಿದಳು. ಗದ್ದೆ ಅವಳದಾಯಿತು. ಅವಳ ಗಂಡ ತನ್ನ ಕೋಣಗಳನ್ನು ತಂದು ಉತ್ತ. ಪಾಲು ತಪ್ಪಿದ ಇಂದೋ ಆವು ಊರವರ ಭತ್ತ ಕುಟ್ಟಿ, ಹಳ್ಳದ ಬದಿಯಲ್ಲಿ ಕೆಸುವಿನ ಗೆಡ್ಡೆ ಕಿತ್ತು ಮಗುವನ್ನು ಸಾಕಿದಳು. ಜನ ಅಲ್ಲಿ ಇಲ್ಲಿ ಮಾತಾಡಿಕೊಂಡರು. "ಒಂದು ಸಲ ಓ ಎಂದಿದ್ದರೆ ಏನಾಗುತ್ತಿತ್ತು? ಆಚೆ ಕಣಿವೆಯವಳು, ಬಾಯಿಲ್ಲದವಳು" ಎಂದವರೂ ಇದ್ದರು.

ಎರಡು ಬೆಳೆ ಕಳೆಯಿತು. ಮೂರನೆಯ ನಾಟಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಇಂದೋ ಆವು ದೋಣಿಯಂಥ ಉದ್ದನೆಯ ಮರದ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದಳು. ಮುದುಕನ ಅಣ್ಣನ ಮಗಳು ಬಂದು ಗೋಡೆಗೆ ಒರಗಿಸಿದ್ದ ಇನ್ನೊಂದು ಒನಕೆ ತೆಗೆದುಕೊಂಡು ಎದುರು ತುದಿಯಲ್ಲಿ ನಿಂತು ಕುಟ್ಟತೊಡಗಿದಳು. ಅಲ್ಲಿ ಒಬ್ಬರು ಕುಟ್ಟುವಾಗ ಬಂದ ಹೆಂಗಸು ಸುಮ್ಮನೆ ಕೂರುವ ಪದ್ಧತಿಯಿಲ್ಲ. ಆದರೆ ಅವಳ ಪೆಟ್ಟು ತಾಳಕ್ಕೆ ಬೀಳುತ್ತಿರಲಿಲ್ಲ, ಭತ್ತ ಹೊರಗೆ ಹಾರುತ್ತಿತ್ತು.

"ಇದೇನೇ ತಂಗಿ, ಕೋಳಿಗೆ ಹಾಕುತ್ತಿದ್ದೀಯಾ?" ಎಂದಳು ಇಂದೋ ಆವು.

"ಅಕ್ಕಾ, ಮಗು ಉರಿಯುತ್ತಿದೆ. ಪೂಜಾರಿ ಬಂದಿದ್ದ. ಅದೇ ಮಾತು. ಹೆಸರು ಬಿಡು ಎನ್ನುತ್ತಾನೆ."

"ಬಿಡು ಮತ್ತೆ."

"ಬಿಟ್ಟರೆ ನಾಳೆ ಬದುವಿನ ಮೇಲೆ ಕೂಗಿದಾಗ ನಾನು ಹೇಗೆ ಇಳಿಯಲಿ? ಗದ್ದೆ ಕೊಟ್ಟದ್ದು ಆ ಹೆಸರಿಗೆ. ಕೊಟ್ಟವನು ಸತ್ತ, ತಿದ್ದುವವರಿಲ್ಲ." ಒನಕೆ ನಿಂತಿತು. "ನಾನು ಬಿಟ್ಟೆನೆಂದರೆ ನೀನು ಎತ್ತಿಕೊಳ್ಳುತ್ತೀ. ನಿನ್ನ ಮಗಳು ಈಗ ಗಟ್ಟಿಯಾಗಿದ್ದಾಳೆ. ನಿಜ ಹೇಳು, ಎತ್ತಿಕೊಳ್ಳುವುದಿಲ್ಲವೇ?"

ಇಂದೋ ಆವು ಚೆಲ್ಲಿದ ಭತ್ತವನ್ನು ಬಳಿದು ಒರಳಿಗೆ ಹಾಕಿದಳು. ಎತ್ತಿಕೊಳ್ಳುತ್ತೇನೆಯೇ? ಆ ಗದ್ದೆಯ ಕೆಸರು ಎಷ್ಟು ಆಳವೆಂದು ಅವಳ ಮೊಣಕಾಲಿಗೆ ಗೊತ್ತಿತ್ತು. ಯಾವ ಮೂಲೆಯಲ್ಲಿ ಒರತೆ ಉಕ್ಕುತ್ತದೆ, ಎಲ್ಲಿ ಏಡಿ ಬದು ಕೊರೆಯುತ್ತದೆ ಎಂಬುದು ಅಣ್ಣನ ಮಗಳಿಗಿಂತ ಅವಳಿಗೇ ಚೆನ್ನಾಗಿ ತಿಳಿದಿತ್ತು. ಎಷ್ಟೋ ಸಲ ಕನಸಿನಲ್ಲಿ ಓಗೊಟ್ಟು ಇಳಿದು, ಎದ್ದು, ಪಕ್ಕದಲ್ಲಿ ಮಲಗಿದ ಮಗಳ ಮೈ ಮುಟ್ಟಿ ನೋಡಿದ್ದಳು. ಗದ್ದೆ ತನ್ನದೇ ಎಂದು ಒಂದು ಸಲ ಅನ್ನಿಸಿದರೆ, ಮರುಕ್ಷಣ ಅಲ್ಲ, ಇವಳದೇ ಎಂದು ಅನ್ನಿಸುತ್ತಿತ್ತು. ಇವಳೂ ಹಾಗೆಯೇ ಒದ್ದಾಡುತ್ತಿರಬಹುದು ಎಂದು ಈವರೆಗೆ ಹೊಳೆದೇ ಇರಲಿಲ್ಲ.

"ನನಗೆ ಗೊತ್ತಿಲ್ಲ ತಂಗಿ" ಎಂದಳು ಕೊನೆಗೆ. "ಆ ಮುದುಕ ಯಾರನ್ನು ಹೇಳಿದನೋ ಇಂದಿಗೂ ತಿಳಿಯದು. ಆದರೆ ಇಷ್ಟು ತಿಳಿದಿದೆ, ಆ ಹೆಸರಿಗೆ ನಾನು ಕತ್ತು ತಿರುಗಿಸುವುದಿಲ್ಲ. ಮಗಳು ಗಟ್ಟಿಯಾದಳೆಂದು ಹುಲಿಯ ಬಾಲ ಎಳೆಯುತ್ತಾರೆಯೇ? ಹೋಗು, ಬಿಡು. ದೊಡ್ಡಮನೆಯವರು ತಿಂದರೆ ತಿನ್ನಲಿ."

ಅಂದು ಸಂಜೆಯೇ ಪೂಜಾರಿ ಆ ಮಗುವಿನ ನಾಲಿಗೆಗೆ ಮಣ್ಣು ತಾಗಿಸಿ 'ಲಿತಾ' ಎಂದು ಕರೆದ. ಲಿತಾ ಎಂದರೆ ಮಣ್ಣು. ಊರಿನಲ್ಲಿ ಇಂದೋ ರಾಂತೆ ಎಂಬವಳು ಯಾರೂ ಇಲ್ಲವಾದಳು.

ನಾಟಿಯ ಕೂಗಿನ ದಿನ ಬಂತು. ಕೆಳಗಿನ ಗದ್ದೆಗಳೆಲ್ಲ ಮುಗಿದು ಜನ ಮೇಲೆ ಹತ್ತಿ ಬಂದರು. ಯಜಮಾನ ಅಂದು ಹೊಸ ಪಂಚೆ ಉಟ್ಟಿದ್ದನಂತೆ. ಪೂಜಾರಿ, ಗದ್ದೆಗೆ ಕೂಗುವ ಹೆಸರು ಬೇರೆ, ಮನುಷ್ಯರ ಹೆಸರು ಬೇರೆ ಎಂದು ತನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡು ಬಂದಿದ್ದ. "ಇಂದೋ ರಾಂತೇ" ಎಂದ. ಇಬ್ಬರು ಹೆಂಗಸರೂ ಜನರ ನಡುವೆ, ಇಬ್ಬರೂ ಮಕ್ಕಳನ್ನು ಸೆರಗಿಗೆ ಅಡಗಿಸಿಕೊಂಡು, ಬಂಡೆಯ ಕಡೆಗೆ ಮುಖ ಮಾಡಿ ನಿಂತಿದ್ದರು. ಯಾರೂ ಅಲುಗಲಿಲ್ಲ. ಮತ್ತೊಮ್ಮೆ ಕೂಗಿದ. ಒರತೆಯ ನೀರಿನ ಸದ್ದು ಮಾತ್ರ ಕೇಳಿತು. ಯಜಮಾನ ಹೊಸ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ. ಮೂರನೆಯ ಸಲ ಬಾಯಿ ತೆರೆದಾಗ ಪೂಜಾರಿಯ ಕಣ್ಣು ಆ ಎರಡು ಸೆರಗುಗಳ ಮೇಲೆ ಬಿತ್ತು. ತಾನೇ ಅಟ್ಟಿದ ನಾಯಿಯನ್ನು ತಾನೇ ಅನ್ನ ತೋರಿಸಿ ಕರೆಯುತ್ತಿದ್ದೇನೆ ಎಂಬುದು ಆಗ ಅವನಿಗೆ ಅರಿವಾಯಿತು. "ಇಂದೋ" ಎಂದಿದ್ದ. ಉಳಿದದ್ದು ಗಂಟಲಿನಲ್ಲೇ ನಿಂತಿತು.

ಬರಿಯ 'ಇಂದೋ' ಎಂಬ ಮಾತಿಗೆ ಅಲ್ಲಿದ್ದ ತಾಯಂದಿರೆಲ್ಲ ತಿರುಗಿದರು. ಇಂದೋ ಆವು ತಿರುಗಿದಳು, ತಿರುಗಿದ್ದು ತಪ್ಪೋ ಸರಿಯೋ ಎಂದು ಮಗಳ ಹಣೆ ಮುಟ್ಟಿ ನೋಡಿದಳು. ಆದರೆ ಕೇಳಿದ್ದು ಹಳೆಯ ಹೆಸರಾಗಿರಲಿಲ್ಲ, ಹೊಸದೂ ಆಗಿರಲಿಲ್ಲ. ಯಾರ ಹೆಸರೂ ಅಲ್ಲದ ಕೂಗಿಗೆ ಓಗೊಟ್ಟರೆ ಯಾವ ರೋಗ ಬರುತ್ತದೆ? ಅಷ್ಟು ಯೋಚಿಸುವುದರೊಳಗೆ ಕಾಲು ಬದುವಿಳಿದಿತ್ತು. ಪಕ್ಕದಲ್ಲಿ ಕೆಸರು ಸಿಡಿಯಿತು. ನೋಡಿದರೆ ಅಣ್ಣನ ಮಗಳೂ ಇಳಿದಿದ್ದಾಳೆ. ಇಬ್ಬರೂ ಬಗ್ಗಿ ಹೆಂಟೆ ಎತ್ತಿದರು. ಒಂದೇ ಹೆಂಟೆಗೆ ನಾಲ್ಕು ಕೈ ಬಿದ್ದು ಅದು ಒಡೆದುಹೋಯಿತು ಎಂದೂ ಹೇಳುತ್ತಾರೆ, ಬೇರೆ ಬೇರೆ ಎತ್ತಿದರು ಎಂದೂ ಹೇಳುತ್ತಾರೆ.

"ಇದೇನು ನಾಟಕ? ಯಾರನ್ನು ಕರೆದದ್ದು ನೀನು?" ಎಂದು ಯಜಮಾನ ಕೆರಳಿದ.

"ಇಂದೋ ಎಂದೆ. ಇಂದೋ ಬಂದಳು."

"ಯಾರ ಇಂದೋ?"

"ಉಳಿದದ್ದನ್ನು ಬೇಕಾದರೆ ನೀವೇ ಕೂಗಿಬಿಡಿ ಯಜಮಾನರೇ" ಎಂದ ಪೂಜಾರಿ. "ನಿಮ್ಮ ಮೊಮ್ಮಕ್ಕಳೂ ಇಲ್ಲೇ ನಿಂತಿದ್ದಾರೆ. ಅದು ಯಾರ ಮೈ ಹತ್ತುತ್ತದೋ ನಾನು ಹೇಳಲಾರೆ."

ಯಜಮಾನ ಮೊಮ್ಮಕ್ಕಳ ಕಡೆಗೆ ನೋಡಿದ. ಗುಂಪಿನಲ್ಲಿ ಒಬ್ಬ ಮುದುಕಿ, "ಅಯ್ಯೋ, ದೊಡ್ಡಮನೆಯ ಅಮ್ಮನವರೂ ತಿರುಗಿದರಪ್ಪಾ. ಅವರನ್ನೂ ಇಳಿಸಿರಿ, ಗದ್ದೆಯಲ್ಲಿ ನಿಮಗೂ ಒಂದು ಪಾಲು ಬಂದೀತು" ಎಂದಾಗ ಊರೆಲ್ಲ ನಕ್ಕಿತು. ಅವನು ಪಂಚೆ ಇಳಿಬಿಟ್ಟು ಹೋದ.

ಆ ಇಬ್ಬರೂ ಗದ್ದೆಯನ್ನು ಹೇಗೆ ಹಂಚಿಕೊಂಡರು ಎಂಬುದರಲ್ಲಿ ಹೇಳುವವರಿಗೇ ಒಮ್ಮತವಿಲ್ಲ. ಒಂದು ವರ್ಷ ಇವಳು, ಒಂದು ವರ್ಷ ಅವಳು ಎನ್ನುವವರಿದ್ದಾರೆ. ಕೂಡಿಯೇ ನಟ್ಟು ಕೂಡಿಯೇ ಕೊಯ್ದರು, ಜಗಳವಾಡಿದ ವರ್ಷ ಬೆಳೆ ಹೆಚ್ಚು ಬಂತು ಎಂದು ನಗುವವರೂ ಇದ್ದಾರೆ. ಬೂದಿ, ಮಣ್ಣು ಎಂಬ ಹೆಸರಿನ ಆ ಮಕ್ಕಳು ಬದುಕಿ ಬಾಳಿ ಮುಪ್ಪು ಕಂಡರು ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಸಾಲುರಾನೆಯಲ್ಲಿ ಈಗಲೂ ಯಾರೂ ಮಗುವಿಗೆ ಆ ಇನ್ನೊಂದು ಹೆಸರನ್ನು ಇಡುವುದಿಲ್ಲ. ಈ ಕಥೆ ಹೇಳುವಾಗಲೂ ಅಲ್ಲಿಗೆ ಬಂದಾಗ ದನಿ ತಗ್ಗಿಸುತ್ತಾರೆ.

ಈಗ ಹೊರಗಿನವರು ಗದ್ದೆಗಳನ್ನು ನೋಡಲು ಬರುತ್ತಾರೆಂದು ಕೆಲವು ವರ್ಷಗಳ ಹಿಂದೆ ಕರಿಬಂಡೆಯ ಪಕ್ಕದಲ್ಲಿ ಮರದ ಫಲಕ ನಿಲ್ಲಿಸಿದ್ದಾರೆ. ಪೇಟೆಯಿಂದ ಬಂದ ಪೇಂಟರ್ 'ಇಂದೋ' ಎಂದು ದೊಡ್ಡದಾಗಿ ಬರೆದು, ಮುಂದಿನ ಹೆಸರನ್ನು ಯಾರಾದರೂ ಬಂದು ಹೇಳುತ್ತಾರೆಂದು ಅರ್ಧ ಫಲಕ ಖಾಲಿ ಬಿಟ್ಟು ಸಂಜೆಯವರೆಗೂ ಕಾದಿದ್ದನಂತೆ. ಯಾರೂ ಹೇಳಲಿಲ್ಲ. ಮಳೆಗೆ ಬಣ್ಣ ಹೋದಾಗಲೆಲ್ಲ ಊರವರೇ ಕೂತು ಮತ್ತೆ ಬರೆಯುತ್ತಾರೆ. ಜಾಗವಿದೆಯೆಂದು ಅಕ್ಷರವನ್ನು ಹಿಗ್ಗಿಸುವುದಿಲ್ಲ, ನಡುವಿಗೆ ಸರಿಸುವುದೂ ಇಲ್ಲ. ಖಾಲಿ ಭಾಗಕ್ಕೂ ಅಷ್ಟೇ ಜೋಪಾನವಾಗಿ ಬಿಳಿ ಬಳಿದು ಕೆಳಗಿಳಿಯುತ್ತಾರೆ.