ಪಾಲಯ್ಯ ಪೂರ್ತಿ ತುಂಬಲಿಲ್ಲ

ಅರ್ಧ ಕುಡಿದರೆ ಕುಣೀತದೆ, ಪೂರ್ತಿ ಕುಡಿದರೆ ಸುಮ್ಮನಿರ್ತದೆ. ಏನು ಹೇಳಿ? ಕುಡುಕ ಅಂತೀರಿ. ಅಲ್ಲ. ನಿಮ್ಮ ಭಾವ ಅಂತೀರಿ. ಅವನೂ ಅಲ್ಲ. ಬಿಡಿ, ನಿಮ್ಮ ಕೈಲಾಗಲ್ಲ. ಪೆಟ್ರೋಲ್ ಟ್ಯಾಂಕರ್ ಅದು.

ತಿಪ್ಪಮ್ಮನ ಮಗ ಪಾಲಯ್ಯನಿಗೂ ಗೊತ್ತಿರಲಿಲ್ಲ. ಅವನು ಲಾರಿ ಓಡಿಸೋದರಲ್ಲಿ ಗಟ್ಟಿಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋದರಲ್ಲಿ ಇನ್ನೂ ಗಟ್ಟಿಗ. ಅದೇ ತಾಯಿಗೆ ತಲೆನೋವು. ಸೋಮವಾರದೊಳಗೆ ಲೈಸೆನ್ಸಿನ ಮೇಲೆ ಟ್ಯಾಂಕರ್ ಓಡಿಸಬಹುದು ಅಂತ ಬರೆಸಿಕೊಂಡು ಬಂದರೆ ಡಿಪೋದಲ್ಲಿ ಖಾಯಂ ಕೆಲಸ. ಇಲ್ಲದಿದ್ದರೆ ಅದು ಮೇಲಿನ ಬೀದಿ ನಿಂಗಜ್ಜಿಯ ಮೊಮ್ಮಗನಿಗೆ. ಇದೂ ತಪ್ಪಿದರೆ ಇವನ ಕೈಗೆ ಇನ್ಯಾರೂ ಸ್ಟೇರಿಂಗ್ ಕೊಡಲ್ಲ ಅಂತ ತಿಪ್ಪಮ್ಮ ಅವನನ್ನು ಹಳೇ ಟ್ಯಾಂಕರ್ ಡ್ರೈವರ್ ಬುಡೇನ್ ಸಾಬರ ಹತ್ತಿರ ಪಾಠಕ್ಕೆ ಅಟ್ಟಿದಳು.

"ಬ್ರೇಕ್ ಒತ್ತಿದರೆ ಒಳಗಿನ ಎಣ್ಣೆ ಮುಂದಕ್ಕೆ ನುಗ್ಗಿ ಗಾಡೀನೇ ತಳ್ಳತದೆ," ಅಂದರು ಸಾಬರು. "ಅದಕ್ಕೇ ಟ್ಯಾಂಕಿನೊಳಗೆ ಅಡ್ಡ ತಗಡು, ಎಣ್ಣೆ ಮೆಲ್ಲಗೆ ಹಾಯಲಿ ಅಂತ ತಗಡಿಗೆ ತೂತು. ತೂತಿಲ್ಲದೆ ಆಗಲ್ಲ."

ಸಂಜೆ ಅವ್ವ ಹಾಲಿಗೆ ಕಳಿಸಿದಳು. ಪಾಲಯ್ಯ ಮೊಳೆ ತಗೊಂಡು ಕ್ಯಾನಿಗೆ ಆರು ತೂತು ಹೊಡೆದ. ಹಾಲು ಬೀದಿನಾಯಿಗೆ, ಕ್ಯಾನು ಅವ್ವನಿಗೆ.

"ಯಾಕ್ಲಾ ತೂತು?"

"ತೂತಿಲ್ಲದೆ ಆಗಲ್ಲವಂತೆ ಕಣವ್ವ."

ಸಾಬರು ಬೈದರು. "ತೂತಿನ ಸುದ್ದಿ ಬಿಡಲೇ. ಟ್ಯಾಂಕರ್ ತಟ್ಟನೆ ನಿಲ್ಲಲ್ಲ. ಹೋಗೋ ಜಾಗ ಇನ್ನೂ ದೂರ ಇರುವಾಗಲೇ ನಿಲ್ಲಿಸೋಕೆ ನೋಡು."

ಮಾರನೇ ದಿನ ಅವ್ವ ತನ್ನ ತಂಗಿ ಮನೆಗೆ ಅಂತ ಹೋಳಿಗೆ ಸಾರು ಕೊಟ್ಟು ಕಳಿಸಿದಳು. ಪಾಲಯ್ಯ ನಾಲ್ಕು ಮನೆ ಮುಂಚೆಯೇ ನಿಂತ, ನಿಂತ ಕಡೆಯೇ ಸಾರು ಕೊಟ್ಟ. ಅದು ನಿಂಗಜ್ಜಿ ಮನೆ! ತಿಪ್ಪಮ್ಮನ ಜೊತೆ ಮಾತು ಬಿಟ್ಟು ಮೂರು ವರ್ಷ ಆಗಿತ್ತು ಆಕೆಗೆ. ಸಾರು ಉಂಡು, ಪಾತ್ರೆ ತೊಳೆದು, ಉಪ್ಪು ಕಮ್ಮಿ ಅಂತ ಹೇಳಿ ಕಳಿಸಿದಳು.

ಸಾಬರು ಹಣೆ ಚಚ್ಚಿಕೊಂಡರು. "ಇದೊಂದನ್ನಾದರೂ ತಲೇಲಿಟ್ಕೊ. ಬಿಸಿಲಿಗೆ ಎಣ್ಣೆ ಹಿಗ್ಗತದೆ. ಪೂರ್ತಿ ತುಂಬಬಾರದು. ಮೇಲೆ ಒಂದಿಷ್ಟು ಖಾಲಿ ಬಿಡಬೇಕು."

ಪಾಲಯ್ಯ ಲೈಸೆನ್ಸ್ ಆಫೀಸಿಗೆ ಹೋಗಿ ಅರ್ಜಿ ತುಂಬಿದ. ಅಲ್ಲಿನ ಸಾಹೇಬರು ತಿರುಗಿಸಿ ಮುರುಗಿಸಿ ನೋಡಿದರು.

"ಮೇಲೆ ಹೆಸರೇ ಇಲ್ಲವಲ್ಲೋ?"

"ಪೂರ್ತಿ ತುಂಬಬಾರದು ಸಾ. ಹೊರಗೆ ಬಿಸಿಲೈತೆ."

ಸಾಹೇಬರು ಅಲ್ಲೇ ಹೆಸರು ಬರೆಸಿ, "ಸೋಮವಾರ ಪರೀಕ್ಷೆ, ಅದೇ ಕೊನೆ" ಅಂದು ಓಡಿಸಿದರು.

ಸಾಬರಿಗೆ ಬೈಯಲೂ ತ್ರಾಣ ಇರಲಿಲ್ಲ. "ಒಳಗೆ ಏನು ತುಂಬೈತೋ ಅದನ್ನ ಹೊರಗೆ ದಪ್ಪಗೆ ಬರೆದಿರಬೇಕು, ನೋಡಿದವರು ದೂರ ನಿಲ್ಲಬೇಕು. ಇಷ್ಟು ಹೇಳು, ಪಾಸಾಗ್ತೀಯ."

ಸೋಮವಾರ ತಿಪ್ಪಮ್ಮ ಮಗನಿಗೆ ಹೊಟ್ಟೆ ತುಂಬಾ ಉಣ್ಣಿಸಿ ಕಳಿಸಿದಳು. ಪಾಲಯ್ಯ ಸಾಹೇಬರ ಮುಂದೆ ಹೋಗಿ ನಿಂತ. ಬಿಳಿ ಅಂಗಿಯ ಹೊಟ್ಟೆ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಮುದ್ದೆ ಎರಡು, ಹುರುಳಿ ಸಾರು. ಅಪಾಯ. ದೂರವಿರಿ.

ಸಾಹೇಬರು ಓದಿದರು. ಕುರ್ಚಿ ಒಂದು ಮಾರು ಹಿಂದಕ್ಕೆ ಎಳೆದುಕೊಂಡರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಪಾಠಾನ ಮೈಮೇಲೆ ಹೊತ್ಕೊಂಡು ಬಂದೋನು ಇವನೊಬ್ಬನೇ" ಅಂತ ಮುದ್ರೆ ಒತ್ತಿದರು.

ಅಂಗಿವರೆಗೆ ನಡೆದದ್ದೇ. ಮುದ್ರೆ ಒತ್ತಿದ್ದು ಮಾತ್ರ ನಾನು ಕಟ್ಟಿದ್ದು. ಏನು ಮಾಡಲಿ, ಕತೆ ಹೇಳುವಾಗ ತಿಪ್ಪಮ್ಮ ಎದುರಿಗೇ ಕೂತಿದ್ದಳು.